ಕೈಕಾಲು ಕಲಿಯುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ನಾನು ಬಾಗಲಕೋಟೆ ನವನಗರದಲ್ಲಿ ಫಿಸಿಯೋಥೆರಪಿಸ್ಟ್. ಅದರ ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಒಂದೇ ಕೆಲಸ ಮಾಡಿದರೂ ನಮ್ಮ ಕೈಕಾಲು ಪ್ರತಿ ಸಲ ಸ್ವಲ್ಪ ಬೇರೆ ದಾರಿ ಹಿಡಿಯುತ್ತವೆ. ಆ ಏರುಪೇರಿಗೂ, ಲಕ್ವಾ ಹೊಡೆದ ಕೈ ಮತ್ತೆ ಕೆಲಸ ಕಲಿಯುವುದಕ್ಕೂ ಏನು ಸಂಬಂಧ ಅನ್ನುವುದು ನನ್ನ ವಿಷಯ. ಹೋದ ಸಂಚಿಕೆಯಲ್ಲಿ ಈ ಬಗ್ಗೆ ನಾಲ್ಕು ಸಾಲು ಬಂದಿತ್ತು. ಅದನ್ನು ಓದಿ ಪತ್ರ ಬರೆದ ಎಲ್ಲರಿಗೂ ನಮಸ್ಕಾರ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಮೇಡಂ, ನಿಮ್ಮ ಪಿಎಚ್‌ಡಿ ಏನು ಅಂತ ಸರಳವಾಗಿ ಹೇಳ್ತೀರಾ? ಕೈ ಒಂದೊಂದು ಸಲ ಒಂದೊಂದು ಥರ ಹೋದರೆ ಅದು ತಪ್ಪಲ್ವಾ? ಅದನ್ನು ಯಾಕೆ ಅಳೆಯಬೇಕು?
— ಪದವಿ ವಿದ್ಯಾರ್ಥಿ, ಇಳಕಲ್ಲ

ಬಹಳ ಕಾಲ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು. ಹತ್ತು ಸಲ ಅಳೆಯುವುದು, ಸರಾಸರಿ ತೆಗೆಯುವುದು, ಉಳಿದ ಏರುಪೇರನ್ನು ಕಸ ಅಂತ ಬದಿಗೆ ತಳ್ಳುವುದು. ನನಗೆ ಆಸೆ ಹುಟ್ಟಿದ್ದೇ ಆ ಬದಿಗೆ ತಳ್ಳಿದ ಭಾಗದ ಮೇಲೆ.

1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಇದ್ದರು. ಸುತ್ತಿಗೆಯಿಂದ ಉಳಿಗೆ ಹೊಡೆಯುವ ಪಳಗಿದ ಕೆಲಸಗಾರರನ್ನು ಅವರು ನೋಡುತ್ತಿದ್ದರು. ಆಗ ಕಂಪ್ಯೂಟರ್ ಇಲ್ಲ, ವಿಡಿಯೋ ಇಲ್ಲ. ಕೆಲಸಗಾರನ ಕೈಗೂ ಸುತ್ತಿಗೆಗೂ ಪುಟ್ಟ ಪುಟ್ಟ ಬಲ್ಬು ಕಟ್ಟಿ, ಕ್ಯಾಮೆರಾದ ಮುಂದೆ ತಿರುಗುವ ತಗಡು ಇಟ್ಟು, ಬೆಳಕಿನ ಚುಕ್ಕೆಗಳು ಹೋದ ದಾರಿಯನ್ನು ಫೋಟೋದಲ್ಲಿ ಹಿಡಿದರು. ಸುತ್ತಿಗೆ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗಿ ಉಳಿಗೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟು ಮಾತ್ರ ಪ್ರತಿ ಏಟಿಗೂ ಬೇರೆ ಬೇರೆ. ಒಂದು ಕೀಲು ಸ್ವಲ್ಪ ಜಾಸ್ತಿ ಹೋದರೆ ಇನ್ನೊಂದು ಅಷ್ಟೇ ಕಡಿಮೆ ಹೋಗಿ ಸರಿದೂಗಿಸುತ್ತಿತ್ತು.

ಇದು ಹೇಗೆ ಸಾಧ್ಯ ಅಂದರೆ, ನಮ್ಮ ತೋಳಿಗೆ ಬೇಕಾದದ್ದಕ್ಕಿಂತ ಜಾಸ್ತಿ ದಾರಿಗಳಿವೆ. ಭುಜ 3 ಬಗೆಯಲ್ಲಿ ತಿರುಗುತ್ತದೆ, ಮೊಣಕೈ 1, ಮುಂಗೈ ಹೊರಳುವುದು 1, ಮಣಿಕಟ್ಟು 2. ಬೆರಳು ಬಿಟ್ಟೇ 7 ಆಯಿತು. ಒಂದು ಚುಕ್ಕೆಯನ್ನು ಬೆರಳ ತುದಿಯಿಂದ ಮುಟ್ಟಲು 3 ಸಾಕು. ಅದಕ್ಕೇ ಒಂದೇ ಚುಕ್ಕೆಗೆ ಲೆಕ್ಕವಿಲ್ಲದಷ್ಟು ದಾರಿ. ಅಭ್ಯಾಸ ಅಂದರೆ ಉತ್ತರವನ್ನು ಬಾಯಿಪಾಠ ಮಾಡುವುದಲ್ಲ, ಅದೇ ಲೆಕ್ಕವನ್ನು ಪ್ರತಿ ಸಲ ಹೊಸದಾಗಿ ಬಿಡಿಸುವುದು ಎಂಬ ಅರ್ಥ ಬರುವ ಹಾಗೆ ಬರ್ನ್‌ಸ್ಟೈನ್ ಬರೆದರು. ನನ್ನ ಪಿಎಚ್‌ಡಿ ನಿಂತಿರುವುದು ಈ ಮಾತಿನ ಮೇಲೆ.

ನಾನು ಮಾಡುವುದು ಇಷ್ಟು. ಲಕ್ವಾದಿಂದ ಒಂದು ಕೈ ಸೋತವರಲ್ಲಿ ಒಂದು ಗುಂಪು ಮೇಜಿನ ಅದೇ ಜಾಗದಿಂದ ಅದೇ ಸ್ಟೀಲ್ ಲೋಟ ಎತ್ತಿ ಅಭ್ಯಾಸ ಮಾಡುತ್ತದೆ. ಇನ್ನೊಂದು ಗುಂಪಿಗೆ ಒಮ್ಮೆ ಲೋಟ, ಒಮ್ಮೆ ತಂಬಿಗೆ, ಒಮ್ಮೆ ಅರ್ಧ ನೀರು, ಒಮ್ಮೆ ಖಾಲಿ, ಒಮ್ಮೆ ಮೇಜು, ಒಮ್ಮೆ ಕಪಾಟು. ಎತ್ತುವ ಸಲ ಎರಡೂ ಗುಂಪಿಗೆ ಒಂದೇ. ಕೈಗಡಿಯಾರದಂತೆ ಮಣಿಕಟ್ಟಿಗೆ ಕಟ್ಟಿದ ಸೆನ್ಸರ್ ಚಲನೆಯನ್ನು ಬರೆದುಕೊಳ್ಳುತ್ತದೆ. ಕೆಲವು ವಾರ ಬಿಟ್ಟು ಇಬ್ಬರಿಗೂ ಅಭ್ಯಾಸವೇ ಮಾಡಿರದ ಒಂದು ವಸ್ತು ಕೊಟ್ಟು ನೋಡುತ್ತೇನೆ. ಅಲ್ಲಿ ಯಾರ ಕೈ ದಾರಿ ಹುಡುಕುತ್ತದೆ ಅನ್ನುವುದೇ ನನ್ನ ಪ್ರಶ್ನೆ.

ಅಕ್ಕಾರೆ, ನಮ್ಮ ಅವ್ವಗೆ ಲಕ್ವಾ ಹೊಡೆದು ಐದು ತಿಂಗಳಾಯಿತು. ಬಲಗೈ. ದಿನಾ ಸ್ಪಂಜಿನ ಚೆಂಡು ಹಿಚುಕಿಸುತ್ತೇವೆ. ಪ್ಲಾಸ್ಟಿಕ್ ಲೋಟ ಒಂದರ ಮೇಲೊಂದು ಇಡಿಸುತ್ತೇವೆ. ಅದು ಚೆನ್ನಾಗಿ ಬಂದಿದೆ. ಆದರೆ ರೊಟ್ಟಿ ಬಡಿಯಲು ಕೂತರೆ ಕೈ ಮಾತು ಕೇಳುವುದಿಲ್ಲ. ಅವ್ವ ಅಳುತ್ತಾಳೆ. ಒಳ್ಳೇ ಕೈ ಕಟ್ಟಿ ಹಾಕಿದರೆ ಬೇಗ ಬರುತ್ತದೆ ಅಂತ ಒಬ್ಬರು ಹೇಳಿದರು. ಕಟ್ಟಬಹುದಾ?
— ಮಗಳು, ಬೀಳಗಿ ತಾಲ್ಲೂಕು

ತಂಗೀ, ನಿನ್ನ ಪತ್ರವನ್ನು ನಾನು ಎರಡು ಸಲ ಓದಿದೆ. ಅವ್ವ ಬಯಸುತ್ತಿರುವುದು ಏನು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅವಳಿಗೆ ರೊಟ್ಟಿ ಬಡಿಯಬೇಕು. ಹಾಗಾದರೆ ಅಭ್ಯಾಸವೂ ರೊಟ್ಟಿಯದೇ ಆಗಬೇಕು ಅಲ್ವಾ?

ಮೊದಲು ಚೆಂಡಿನ ವಿಷಯ. ಲಕ್ವಾ ಹೊಡೆದವರಲ್ಲಿ ಹೆಚ್ಚಿನವರಿಗೆ ಮುಷ್ಟಿ ಹಿಡಿಯುವುದು ಬೇಗ ಬರುತ್ತದೆ, ಬಿಡುವುದು ತಡ. ಚೆಂಡು ಹಿಚುಕಿದಷ್ಟೂ ಬರುವ ಕೆಲಸವನ್ನೇ ಮಾಡಿಸಿದ ಹಾಗೆ. ರೊಟ್ಟಿಗೆ ಬೇಕಾಗಿರುವುದು ಅಗಲಕ್ಕೆ ಬಿಚ್ಚಿದ ಅಂಗೈ. ಬೆರಳು ಬಿಡಿಸುವ ಕೆಲಸ ಜಾಸ್ತಿ ಕೊಡು. ಒದ್ದೆ ಬಟ್ಟೆಯನ್ನು ನೆಲದ ಮೇಲೆ ಅಂಗೈಯಿಂದ ಹರಡುವುದು, ಹಿಟ್ಟನ್ನು ಪರಾತದಲ್ಲಿ ಅಂಗೈಯಿಂದ ಸವರುವುದು, ಹಿಡಿದ ಕಾಳನ್ನು ಸ್ವಲ್ಪ ಸ್ವಲ್ಪವೇ ಬಿಡುವುದು.

ಈಗ ರೊಟ್ಟಿ. ನಮ್ಮ ಭಾಗದ ಹೆಣ್ಣುಮಕ್ಕಳು ಇದನ್ನು ದಿನಾ ಮಾಡುವುದರಿಂದ ಅದು ಎಂಥ ಕೆಲಸ ಅನ್ನುವುದು ಯಾರಿಗೂ ಕಾಣುವುದಿಲ್ಲ. ನಾನು ಒಂದು ಮನೆಯಲ್ಲಿ ಕೂತು ಒಬ್ಬ ಅಜ್ಜಿಯ ಕೈಯನ್ನು ಫೋನಿನಲ್ಲಿ ನಿಧಾನಗತಿಯ ವಿಡಿಯೋ ಮಾಡಿ ನೋಡಿದ್ದೇನೆ. ಎಸರು ಬಿಟ್ಟ ಹಿಟ್ಟನ್ನು ನಾದುವಾಗ ಮೈಯ ಭಾರ ಭುಜದಿಂದ ಅಂಗೈ ಬುಡಕ್ಕೆ ಇಳಿಯುತ್ತದೆ. ಬಡಿಯುವಾಗ ಮೊದಲ ಏಟುಗಳು ನಡುವೆ, ಅಂಗೈಯಿಂದ. ರೊಟ್ಟಿ ಅಗಲವಾಗುತ್ತಾ ಹೋದಂತೆ ಏಟು ಹಗುರವಾಗಿ ಬೆರಳಿಗೆ ಸರಿಯುತ್ತದೆ. ಪ್ರತಿ ಏಟಿಗೂ ರೊಟ್ಟಿ ಸ್ವಲ್ಪ ತಿರುಗುತ್ತದೆ. ಅಂಚು ಒಡೆದರೆ ಬೆರಳು ಅಲ್ಲಿಗೆ ಹೋಗಿ ಒತ್ತಿ ಬರುತ್ತದೆ. ಹಳೇ ಜೋಳದ ಹಿಟ್ಟಿಗೆ ಜಿಗಿ ಕಡಿಮೆ, ಅಂದು ಏಟು ಮೆತ್ತಗೆ. ಮಾಲ್ದಂಡಿ ಜೋಳ ಇದ್ದರೆ ಕೈ ಧೈರ್ಯವಾಗಿ ಬೀಳುತ್ತದೆ. ಒಂದು ರೊಟ್ಟಿಯಲ್ಲಿ ಎರಡು ಏಟು ಒಂದೇ ಥರ ಇರಲಿಲ್ಲ, ಆದರೆ ಹಂಚಿಗೆ ಹೋದ ರೊಟ್ಟಿ ಮಾತ್ರ ಗುಂಡಗೆ.

ಪ್ಲಾಸ್ಟಿಕ್ ಲೋಟ ಇಡುವುದರಲ್ಲಿ ಇದ್ಯಾವುದೂ ಇಲ್ಲ. ಅದೇ ಲೋಟ, ಅದೇ ಎತ್ತರ, ಅದೇ ಭಾರ. ಅವ್ವನ ಕೈ ಲೋಟ ಇಡುವುದನ್ನು ಕಲಿತಿದೆ, ಅಷ್ಟೇ. ಅದಕ್ಕೆ ಅವಳ ಮೇಲೆ ಬೇಸರ ಮಾಡಬೇಡ.

ಮನೆಯಲ್ಲಿ ಹೀಗೆ ಮಾಡಿ ನೋಡಿ. ಹಂಚು, ಒಲೆ ದೂರ ಇರಲಿ. ಲಕ್ವಾ ಹೊಡೆದ ಕೈಗೆ ಬಿಸಿ ಗೊತ್ತಾಗದೆ ಇರಬಹುದು, ಸುಟ್ಟುಕೊಂಡವರನ್ನು ನೋಡಿದ್ದೇನೆ. ತಣ್ಣಗಿನ ಹಿಟ್ಟಿನಿಂದ ಶುರು ಮಾಡಿ. ಸಣ್ಣ ಉಂಡೆ, ದೊಡ್ಡ ಉಂಡೆ, ಸ್ವಲ್ಪ ಗಟ್ಟಿ, ಸ್ವಲ್ಪ ಮೆತ್ತಗೆ. ಒಂದು ದಿನ ನೆಲದ ಮೇಲೆ ಕೂತು, ಒಂದು ದಿನ ಕಟ್ಟೆಯ ಮುಂದೆ ನಿಂತು. ಬೇಸರ ಬಂದರೆ ಅದೇ ಕೈಗೆ ಸೊಪ್ಪು ಬಿಡಿಸಲು ಕೊಟ್ಟು ಮತ್ತೆ ಹಿಟ್ಟಿಗೆ ಬನ್ನಿ. ಭುಜ ನೋಯುತ್ತಿದ್ದರೆ ನಿಲ್ಲಿಸಿ, ತೋಳನ್ನು ಯಾರೂ ಎಳೆಯಬಾರದು.

ಮತ್ತೆ, "ಅವ್ವಾ, ಬೆರಳು ಬಿಚ್ಚು, ಮೊಣಕೈ ನೆಟ್ಟಗೆ ಮಾಡು" ಅಂತ ಪಕ್ಕದಲ್ಲಿ ಕೂತು ಹೇಳುತ್ತಿರಬೇಡ. "ಅಂಚು ನೋಡವ್ವಾ, ಆ ಕಡೆ ದಪ್ಪ ಐತಿ" ಅನ್ನು. ಗಮನ ಕೈ ಮೇಲೆ ಇರುವುದಕ್ಕಿಂತ ಕೆಲಸದ ಮೇಲೆ ಇದ್ದರೆ ಕಲಿಕೆ ಚೆನ್ನಾಗಿ ಆಗುತ್ತದೆ ಅಂತ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಆ ಪ್ರಯೋಗ ಆರೋಗ್ಯವಂತರ ಮೇಲೆ, ಸ್ಕೀ ಆಟದ ಯಂತ್ರದಲ್ಲಿ ನಡೆದದ್ದು. ಆದರೂ ನನ್ನ ರೋಗಿಗಳಿಗೆ ನಾನು ಹೀಗೇ ಹೇಳುವುದು, ಯಾಕೆಂದರೆ ರೊಟ್ಟಿ ನೋಡುವಾಗ ಅವರ ಮುಖ ಸಡಿಲವಾಗುತ್ತದೆ.

ಎಷ್ಟು ಸಲ ಅಂತ ಕೇಳುತ್ತೀಯ. ನಾವು ಅಂದುಕೊಳ್ಳುವುದಕ್ಕಿಂತ ಬಹಳ ಜಾಸ್ತಿ. ಅಮೆರಿಕ, ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಕೂತು ಎಣಿಸಿದವರು 2009ರಲ್ಲಿ ಬರೆದದ್ದನ್ನು ಓದಿ ನನಗೆ ನೋವಾಯಿತು. ಲಕ್ವಾ ರೋಗಿಯ ಕೈಗೆ ಒಂದು ಸಲದ ಚಿಕಿತ್ಸೆಯಲ್ಲಿ ಸಿಕ್ಕ ನಿಜವಾದ ಕೆಲಸದ ಅಭ್ಯಾಸ ಸರಾಸರಿ 32 ಸಲ. ಪ್ರಾಣಿಗಳ ಪ್ರಯೋಗಗಳಲ್ಲಿ ಮೆದುಳು ಬದಲಾಗಲು ನೂರಾರು ಸಲ ಮಾಡಿಸುತ್ತಾರೆ. ನಾಲ್ಕು ರೊಟ್ಟಿ ಬಡಿದರೆ ಆ 32 ಏಟು ಯಾವಾಗಲೋ ದಾಟಿರುತ್ತದೆ! ಅದಕ್ಕೇ ಅಡುಗೆಮನೆ ನನಗೆ ಇಷ್ಟ.

ಒಳ್ಳೇ ಕೈ ಕಟ್ಟುವ ಮಾತು. ಅದು ಸುಮ್ನೆ ಹುಟ್ಟಿದ ಮಾತಲ್ಲ. ಸೋತ ಕೈಯನ್ನು ಬಳಸದೆ ಬಳಸದೆ ಮೆದುಳು ಅದನ್ನು ಬಿಟ್ಟೇಬಿಡುತ್ತದೆ ಅಂತ ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ಕಂಡುಕೊಂಡು, ಒಳ್ಳೇ ಕೈಗೆ ಗವಸು ಹಾಕಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಕಟ್ಟಿದರು. 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಲಕ್ವಾ ಹೊಡೆದು 3ರಿಂದ 9 ತಿಂಗಳಾದ 222 ಜನ ಇದ್ದರು. ಎರಡು ವಾರದ ಆ ಚಿಕಿತ್ಸೆ ಪಡೆದವರ ಕೈ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತು, ಒಂದು ವರ್ಷದ ಮೇಲೂ ಉಳಿಯಿತು. ಆದರೆ ಅವರನ್ನು ಆರಿಸಿ ತೆಗೆದುಕೊಂಡಿದ್ದರು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ತಾವೇ ಮೇಲಕ್ಕೆತ್ತುವವರಿಗೆ ಮಾತ್ರ ಇದು. ನಡೆಯುವಾಗ ತೋಲ ತಪ್ಪುವವರ ಒಳ್ಳೇ ಕೈ ಕಟ್ಟಿದರೆ ಬಿದ್ದು ಸೊಂಟ ಮುರಿಯುತ್ತದೆ. ಹಗ್ಗ, ಬಟ್ಟೆಯಿಂದ ಕಟ್ಟುವುದಂತೂ ಬೇಡವೇ ಬೇಡ. ಹತ್ತಿರದ ಫಿಸಿಯೋಥೆರಪಿಸ್ಟ್ ಒಮ್ಮೆ ಕೈ ನೋಡಲಿ. ಅವ್ವನ ಬೆರಳು ಏಳುತ್ತಿದ್ದರೆ ಕೂತ ಹೊತ್ತಿನಲ್ಲಿ ಗವಸು ಹಾಕಿ ಅಭ್ಯಾಸ ಮಾಡಿಸಬಹುದು.

ಲಕ್ವಾಕ್ಕೆ ಊರ ಎಣ್ಣೆ ತಿಕ್ಕಿಸಿದರೆ ಗುಣವಾಗುತ್ತದೆಯೇ?
— ಹುನಗುಂದದಿಂದ ಇಬ್ಬರು, ಮುಧೋಳದಿಂದ ಒಬ್ಬರು

ತಿಕ್ಕಿದರೆ ಚರ್ಮಕ್ಕೆ, ಸ್ನಾಯುವಿಗೆ ಹಿತ. ಬೇಡ ಅನ್ನುವುದಿಲ್ಲ. ಆದರೆ ತೊಂದರೆ ಇರುವುದು ಮೆದುಳಿನಲ್ಲಿ, ಮತ್ತು ಬೇರೆಯವರು ಕೈ ತಿಕ್ಕುವಾಗ ರೋಗಿಯ ಮೆದುಳು ಏನನ್ನೂ ಮಾಡಲು ಹೊರಟಿರುವುದಿಲ್ಲ. ಕಲಿಕೆ ಅವರೇ ಪ್ರಯತ್ನ ಪಟ್ಟಾಗ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ, ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಎಣ್ಣೆ ಹುಡುಕುತ್ತಾ ಕೂರಬೇಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾ ಆಗಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಸಮಯ 4.5 ಗಂಟೆ. 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ.

ನಮ್ಮ ಆಯಿಗೆ 74 ವರ್ಷ. ಚುರುಕಾಗೇ ನಡೆಯುತ್ತಾಳೆ. ಆದರೂ ಈ ವರ್ಷ ಎರಡು ಸಲ ಬಿದ್ದಳು. ಇಷ್ಟು ಜೋರಾಗಿ ನಡೆಯುವವಳು ಯಾಕೆ ಬೀಳುತ್ತಾಳೆ?
— ಮೊಮ್ಮಗ, ಬಾದಾಮಿ

ತಮ್ಮಾ, ನಡಿಗೆಯ ವೇಗ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಒಂದು ಕಾಲು ಊರಿ ಮತ್ತೆ ಅದೇ ಕಾಲು ಊರಲು ಸುಮಾರು 1 ಸೆಕೆಂಡು. ಆರೋಗ್ಯವಂತರಲ್ಲಿ ಈ ಹೊತ್ತು ಹೆಜ್ಜೆಯಿಂದ ಹೆಜ್ಜೆಗೆ ಬಹಳ ಕಡಿಮೆ ಬದಲಾಗುತ್ತದೆ, ನೂರಕ್ಕೆ ಒಂದೆರಡು ಪಾಲು. ಜೆಫ್ರಿ ಹೌಸ್‌ಡಾರ್ಫ್ ಮತ್ತು ಸಂಗಡಿಗರು ವಯಸ್ಸಾದವರ ಹೆಜ್ಜೆಗಳನ್ನು ಅಳೆದು ಒಂದು ವರ್ಷ ಹಿಂಬಾಲಿಸಿದರು, 2001ರಲ್ಲಿ ಪ್ರಕಟಿಸಿದರು. ಮುಂದೆ ಬಿದ್ದವರಲ್ಲಿ ಹೆಜ್ಜೆಯ ಹೊತ್ತಿನ ಏರುಪೇರು ಮೊದಲೇ ಜಾಸ್ತಿ ಇತ್ತು.

ಮೇಲೆ ಏರುಪೇರು ಒಳ್ಳೇದು ಅಂದವಳು ಇಲ್ಲಿ ಕೆಟ್ಟದ್ದು ಅನ್ನುತ್ತಿದ್ದೇನಲ್ಲ ಅನಿಸಬಹುದು. ಎರಡೂ ನಿಜ. ಸುತ್ತಿಗೆ ಹಿಡಿದವನ ಮೊಣಕೈ ಬದಲಾಗುತ್ತಿದ್ದದ್ದು ಏಟು ಸರಿಯಾಗಿ ಬೀಳಲಿ ಅಂತ. ಆಯಿಯ ಹೆಜ್ಜೆ ಬದಲಾಗುತ್ತಿರುವುದು ಹಿಡಿತ ಸಡಿಲವಾಗಿ. ತೀರಾ ಕಡಿಮೆ ಏರುಪೇರು ಇದ್ದರೆ ದೇಹ ಸೆಟೆದುಕೊಂಡು ಹೊಸ ನೆಲಕ್ಕೆ ಹೊಂದುವುದಿಲ್ಲ, ತೀರಾ ಜಾಸ್ತಿ ಇದ್ದರೆ ಹತೋಟಿ ಇರುವುದಿಲ್ಲ. ನಿಕ್ ಸ್ಟರ್ಗಿಯು ಮತ್ತು ಸಂಗಡಿಗರು 2006ರಿಂದ ಹೇಳುತ್ತಾ ಬಂದದ್ದು ಇದನ್ನೇ. ಎಷ್ಟು ಬದಲಾಗುತ್ತದೆ ಅನ್ನುವುದರ ಜೊತೆಗೆ ಎಲ್ಲಿ, ಯಾತಕ್ಕೆ ಬದಲಾಗುತ್ತದೆ ಅಂತಲೂ ಕೇಳಬೇಕು. ನನ್ನ ವಿಷಯದಲ್ಲಿ ಅತಿ ಕಷ್ಟದ, ನನಗೆ ಅತಿ ಇಷ್ಟದ ಭಾಗ ಇದು.

ಮನೆಯಲ್ಲಿ ಎರಡು ಪರೀಕ್ಷೆ ಮಾಡಬಹುದು. ಆಯಿ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. ನೀನು ಪಕ್ಕದಲ್ಲೇ ಇರು. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಭಯ ಇದೆ ಅಂತ ಲೆಕ್ಕ. ಇನ್ನೊಂದು ಇನ್ನೂ ಸುಲಭ. ಜೊತೆಗೆ ನಡೆಯುತ್ತಾ ಮಾತಿಗೆ ಎಳೆ. ಉತ್ತರ ಹೇಳಲು ಆಯಿ ನಿಂತುಬಿಡುತ್ತಾಳಾ ನೋಡು. ಮಾತಾಡಲು ನಡಿಗೆ ನಿಲ್ಲಿಸುವ ಹಿರಿಯರು ಮುಂದೆ ಬೀಳುವ ಸಂಭವ ಜಾಸ್ತಿ ಅಂತ ಸ್ವೀಡನ್ನಿನವರು 1997ರಲ್ಲೇ ಗುರುತಿಸಿದ್ದರು. ನಡಿಗೆಗೇ ಮನಸ್ಸು ಪೂರ್ತಿ ಬೇಕಾಗಿದೆ ಅಂತ ಅದರ ಅರ್ಥ.

ಕಣ್ಣು, ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದೆಯಾ, ಇವನ್ನು ಡಾಕ್ಟರ್ ನೋಡಲಿ. ಬಚ್ಚಲಿಗೆ ಹಿಡಿಕೆ ಹಾಕಿಸಿ. ಆಮೇಲೆ ಅಭ್ಯಾಸ. ಅಂಗಳದಲ್ಲಿ ಸುತ್ತಾಡಿಸುವಾಗ ಒಂದು ದಿನ ಅಡ್ಡ ಹೆಜ್ಜೆ, ಒಂದು ದಿನ ಹೊಸ್ತಿಲು ದಾಟುವುದು, ಒಂದು ದಿನ ಕೈಯಲ್ಲಿ ತಂಬಿಗೆ ಹಿಡಿದು. ಗೋಡೆ ಪಕ್ಕದಲ್ಲೇ ಇರಲಿ.

ನಾನು ದೈಹಿಕ ಶಿಕ್ಷಕ. ನಮ್ಮ ಶಾಲೆ ಹುಡುಗಿಯರ ವಾಲಿಬಾಲ್ ತಂಡ ಅಭ್ಯಾಸದಲ್ಲಿ ಹತ್ತಕ್ಕೆ ಒಂಬತ್ತು ಸರ್ವಿಸ್ ಸರಿಯಾಗಿ ಹಾಕುತ್ತದೆ. ತಾಲ್ಲೂಕು ಪಂದ್ಯಕ್ಕೆ ಹೋದರೆ ಅರ್ಧ ನೆಟ್ಟಿಗೆ ಹೋಗುತ್ತದೆ. ಹೆದರಿಕೆ ಅಂತ ಎಲ್ಲರೂ ಹೇಳುತ್ತಾರೆ.
— ಶಿಕ್ಷಕರು, ಜಮಖಂಡಿ ತಾಲ್ಲೂಕು

ಗುರುಗಳೇ, ಹೆದರಿಕೆಯೂ ಇರಬಹುದು. ಆದರೆ ಅಭ್ಯಾಸ ಹೇಗೆ ನಡೆಯುತ್ತದೆ ಅಂತ ನೀವು ಪತ್ರದಲ್ಲೇ ಬರೆದಿದ್ದೀರಿ: ಒಂದೇ ಜಾಗದಲ್ಲಿ ನಿಂತು, ಸಾಲಾಗಿ ಐವತ್ತು ಸರ್ವಿಸ್. ಪಂದ್ಯದಲ್ಲಿ ಸಾಲಾಗಿ ಐವತ್ತು ಎಲ್ಲಿ ಬರುತ್ತದೆ?

1978ರಲ್ಲಿ ಕೆರ್ ಮತ್ತು ಬೂತ್ ಎಂಬ ಇಬ್ಬರು 8 ಮತ್ತು 12 ವರ್ಷದ ಮಕ್ಕಳಿಗೆ ಕಾಳು ತುಂಬಿದ ಚೀಲ ಎಸೆಯಲು ಕಲಿಸಿದರು. ಚಿಕ್ಕ ಮಕ್ಕಳಲ್ಲಿ ಕೆಲವರು 3 ಅಡಿ ದೂರದ ಗುರಿಗೇ ಎಸೆದರು. ಉಳಿದವರು 2 ಅಡಿ ಮತ್ತು 4 ಅಡಿಗೆ ಎಸೆದರು, 3 ಅಡಿಗೆ ಎಸೆಯಲೇ ಇಲ್ಲ. ಕೊನೆಗೆ 3 ಅಡಿಯ ಪರೀಕ್ಷೆ ಇಟ್ಟಾಗ ಗೆದ್ದವರು ಅದನ್ನು ಅಭ್ಯಾಸವೇ ಮಾಡದಿದ್ದ ಮಕ್ಕಳು! ಮರುವರ್ಷ ಷಿಯಾ ಮತ್ತು ಮಾರ್ಗನ್ ಇನ್ನೊಂದು ತೋರಿಸಿದರು. ಒಂದೇ ಕೆಲಸವನ್ನು ಸಾಲಾಗಿ ಮಾಡಿದವರು ಅಭ್ಯಾಸದ ದಿನ ಮುಂದೆ ಇದ್ದರು. ಮೂರು ಕೆಲಸಗಳನ್ನು ಕಲಸಿ ಮಾಡಿದವರು ಅವತ್ತು ತಡವರಿಸಿದರು. 10 ದಿನ ಬಿಟ್ಟು ನೋಡಿದರೆ ಕಲಸಿ ಮಾಡಿದವರೇ ಮುಂದೆ.

ಹತ್ತಕ್ಕೆ ಒಂಬತ್ತು ಬೀಳುವ ಅಭ್ಯಾಸ ನೋಡಲು ಚೆಂದ. ನಾನಾದರೆ ಹತ್ತಕ್ಕೆ ಆರೇಳು ಬೀಳುವ ಅಭ್ಯಾಸ ಕೊಡುತ್ತೇನೆ. ಒಂದು ಸರ್ವಿಸ್, ಆಮೇಲೆ ಓಡಿ ಹೋಗಿ ಒಂದು ಪಾಸ್, ಮತ್ತೆ ಬಂದು ಇನ್ನೊಂದು ಮೂಲೆಗೆ ಸರ್ವಿಸ್. ಹೊಸ ಚೆಂಡು, ಹಳೇ ಚೆಂಡು. ಗಾಳಿ ಎದುರಿಗೆ, ಗಾಳಿ ಬೆನ್ನಿಗೆ. ಆರನೇ ತರಗತಿಯ ಹೊಸ ಮಕ್ಕಳಿಗೆ ಮಾತ್ರ ಇದನ್ನು ಮೊದಲ ದಿನವೇ ಮಾಡಬೇಡಿ. ಕೈಗೆ ಚೆಂಡು ಸಿಗುವ ತನಕ ಒಂದೇ ಥರ ಇರಲಿ.

ಮಕ್ಕಳ ಪೈಕಿ ಯಾರ ಕೈ ಶುರುವಿನಲ್ಲಿ ಹೆಚ್ಚು ಅಲೆಯುತ್ತದೋ ಅವರನ್ನು ತಂಡದಿಂದ ಬಿಡಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಹಾರ್ವರ್ಡ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ, ಕಲಿಯಬೇಕಾದ ವಿಷಯದಲ್ಲಿ ಮೊದಲೇ ಹೆಚ್ಚು ಏರುಪೇರು ಇದ್ದವರು ಬೇಗ ಕಲಿತರು.

ಅಕ್ಕಾ, ನನ್ನ ಮಗು ಎಂಟನೇ ತಿಂಗಳಿಗೇ ಹುಟ್ಟಿತು. ಈಗ ಐದು ತಿಂಗಳು ತುಂಬಿದೆ. ಮಲಗಿದಲ್ಲೇ ಕೈಕಾಲು, ಕತ್ತು ಸಣ್ಣಗೆ ಆಡಿಸುತ್ತಲೇ ಇರುತ್ತದೆ. ಅತ್ತೆ ಇದು ನರದ ದೋಷ ಅನ್ನುತ್ತಾರೆ.
— ತಾಯಿ, ಕೊಲ್ಹಾರ

ತಂಗೀ, ನೀನು ಬರೆದ ಹಾಗೆ, ಎಲ್ಲಾ ಕಡೆಗೂ, ಸಣ್ಣಗೆ, ಒಂದೇ ಥರ ಇಲ್ಲದೆ ಆಡುತ್ತಿದ್ದರೆ ಅದು ಒಳ್ಳೇ ಗುರುತು. ಹೈನ್ಸ್ ಪ್ರೆಖ್ಟಲ್ ಎಂಬ ವೈದ್ಯರು ಶಿಶುಗಳನ್ನು ಮುಟ್ಟದೆ, ಮಲಗಿಸಿ ವಿಡಿಯೋ ತೆಗೆದು ನೋಡುತ್ತಾ ವರ್ಷಗಟ್ಟಲೆ ಕೆಲಸ ಮಾಡಿದರು. ದಿನ ತುಂಬಿ ಹುಟ್ಟಬೇಕಿದ್ದ ತಾರೀಖಿನಿಂದ ಲೆಕ್ಕ ಹಾಕಿ ಸುಮಾರು 3ರಿಂದ 5 ತಿಂಗಳ ನಡುವೆ ಆರೋಗ್ಯವಂತ ಶಿಶುಗಳಲ್ಲಿ ಇಂಥ ಸಣ್ಣ ಚಲನೆ ಇರುತ್ತದೆ. ಆ ಹೊತ್ತಿನಲ್ಲಿ ಅದು ಇಲ್ಲದೇ ಹೋದರೆ, ಅಥವಾ ಕೈಕಾಲು ಎಲ್ಲವೂ ಒಟ್ಟಿಗೆ ಸೆಟೆದು ಒಟ್ಟಿಗೆ ಸಡಿಲವಾಗುತ್ತಿದ್ದರೆ ಸೆರೆಬ್ರಲ್ ಪಾಲ್ಸಿಯ (ಎಳೆ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವ ತೊಂದರೆಯ) ಭಯ ಜಾಸ್ತಿ. ನಾವು ಹೆದರಬೇಕಾದದ್ದು ಚಲನೆಯಲ್ಲಿ ವೈವಿಧ್ಯ ಇಲ್ಲದ ಮಗುವಿಗೆ.

ಮಗು ಎಚ್ಚರವಾಗಿ, ಅಳದೆ ಇರುವಾಗ, ಕೈಕಾಲು ಕಾಣುವ ಹಾಗೆ ಮೂರು ನಾಲ್ಕು ನಿಮಿಷ ವಿಡಿಯೋ ತೆಗೆದು ಮಕ್ಕಳ ಡಾಕ್ಟರಿಗೆ ತೋರಿಸು. ಆಟಿಕೆ ಆಡಿಸಬೇಡ, ಸುಮ್ನೆ ಮಲಗಿರಲಿ. ದಿನ ತುಂಬದೆ ಹುಟ್ಟಿದ್ದರಿಂದ ಹೇಗಿದ್ದರೂ ತಪಾಸಣೆ ತಪ್ಪಿಸಬಾರದು. ಒಂದೇ ಕಡೆಯ ಕೈಕಾಲು ಮಾತ್ರ ಆಡುತ್ತಿದ್ದರೆ, ಜರ್ಕು ಹೊಡೆಯುತ್ತಿದ್ದರೆ, ಕಣ್ಣು ಮೇಲೆ ಹೋದರೆ ಅವತ್ತೇ ಹೋಗು. ಅತ್ತೆಗೆ ಇದನ್ನು ಓದಿ ಹೇಳು, ಅವರ ಕಾಳಜಿಯೂ ಮಗುವಿನ ಮೇಲಿನದೇ.

ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವನು ನಾನು. ಸೊಂಟ ನೋವು. ಸರಿಯಾಗಿ ಕೂರುವ ಭಂಗಿ ಯಾವುದು?
— ಖಣದ ನೇಕಾರರು, ಗುಳೇದಗುಡ್ಡ

ಅಣ್ಣಾರೆ, ಇಡೀ ದಿನ ಕೂರಬಹುದಾದ ಸರಿಯಾದ ಭಂಗಿ ಒಂದೂ ಇಲ್ಲ. ನೆಟ್ಟಗೆ ಕೂತರೂ ಬಹಳ ಹೊತ್ತಾದರೆ ನೋಯುತ್ತದೆ. ನೋವಿದ್ದಾಗ ನಾವು ಸೊಂಟವನ್ನು ಬಿಗಿಹಿಡಿದು ಒಂದೇ ಥರ ಇಟ್ಟುಕೊಳ್ಳುತ್ತೇವೆ. ಆಸ್ಟ್ರೇಲಿಯಾದ ಮೋಸ್ಲಿ ಮತ್ತು ಹಾಜಸ್ 2006ರಲ್ಲಿ ಬರೆದ ಪ್ರಯೋಗದಲ್ಲಿ ನೋವು ತೆಗೆದ ಮೇಲೂ ಕೆಲವರ ಬೆನ್ನು ಮೊದಲಿನ ಹಾಗೆ ಆಗಲಿಲ್ಲ. ನೋವಿನ ಹೊತ್ತಿನಲ್ಲಿ ಅವರ ಬೆನ್ನಿನ ಏರುಪೇರು ಕಡಿಮೆಯಾಗಿತ್ತು.

ಲಾಳಿಯೊಳಗಿನ ನೂಲಿನ ಕಂಡಿಕೆ ಮುಗಿದಾಗಲೆಲ್ಲ ಮೇಲೆದ್ದು ಬಿಡಿ. ಅದನ್ನೇ ಗಂಟೆ ಅಂದುಕೊಳ್ಳಿ. ಕೂರುವ ಹಲಗೆಯ ಮೇಲೆ ಬೆಳಿಗ್ಗೆ ಮಡಿಸಿದ ಕಂಬಳಿ, ಮಧ್ಯಾಹ್ನ ಬರೀ ಹಲಗೆ. ಸ್ವಲ್ಪ ಹೊತ್ತು ಮುಂದೆ ಸರಿದು, ಸ್ವಲ್ಪ ಹೊತ್ತು ಹಿಂದೆ. ಸಂಜೆ ಕುಣಿಯಿಂದ ಎದ್ದ ಮೇಲೆ ಬೆನ್ನು ಎಲ್ಲಾ ಕಡೆಗೂ ಬಾಗಲಿ. ಕಾಲು ಜೋಮು ಹಿಡಿದರೆ, ಶಕ್ತಿ ಕಡಿಮೆಯಾದರೆ, ಮೂತ್ರ ಹಿಡಿತ ತಪ್ಪಿದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಎಂಪಿಟಿ (ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ ಮೇಡಂ. ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುವ ಆಸೆ. ಕ್ಯಾಮೆರಾ ಇರುವ ದೊಡ್ಡ ಲ್ಯಾಬ್ ಇಲ್ಲದೆ ಸಾಧ್ಯವೇ? ಎಷ್ಟು ವರ್ಷ ಹಿಡಿಯುತ್ತದೆ?
— ವಿಜಯಪುರ

ಸಾಧ್ಯ. ಯುಜಿಸಿಯ 2022ರ ನಿಯಮದಲ್ಲಿ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6 ವರ್ಷ. ಶುರುವಿನಲ್ಲಿ ಕನಿಷ್ಠ 12 ಕ್ರೆಡಿಟ್ಟಿನ ಕೋರ್ಸ್ ವರ್ಕ್ ಇರುತ್ತದೆ. ರೋಗಿಗಳ ಮೇಲೆ ಚಿಕಿತ್ಸೆಯ ಪ್ರಯೋಗವಾದರೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಿಟಿಆರ್‌ಐನಲ್ಲಿ, ಅಂದರೆ ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ದೇಶದ ಪಟ್ಟಿಯಲ್ಲಿ, ನೋಂದಣಿ ಆಗಬೇಕು. ಆಮೇಲೆ ಮಾಡಿಸುತ್ತೇನೆ ಅಂತ ಬಿಟ್ಟರೆ ಆಗುವುದಿಲ್ಲ.

ಒಪ್ಪಿಗೆ ಪತ್ರವನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಸಿ. ಓದಿ ಹೇಳುವಾಗ ರೋಗಿಯ ಮನೆಯವರೂ ಕೂತಿರಲಿ. "ಬ್ಯಾಡ ಅನ್ನಿಸಿದ್ರ ಯಾವಾಗ ಬೇಕಾದ್ರೂ ಬಿಡಬಹುದರೀ, ನಿಮ್ಮ ಚಿಕಿತ್ಸೆಗೆ ಏನೂ ಕಡಿಮೆ ಆಗಂಗಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಕಬ್ಬು ಕಡಿಯುವ ಹಂಗಾಮು, ಜಾತ್ರೆ, ಮದುವೆ ದಿನಗಳಲ್ಲಿ ಯಾರೂ ಬರುವುದಿಲ್ಲ. ವೇಳಾಪಟ್ಟಿ ಹಾಕುವಾಗಲೇ ಇದನ್ನು ಸೇರಿಸಿಕೊಳ್ಳಿ.

ಲ್ಯಾಬಿನ ಮಾತು. ಮೈಗೆ ಕಟ್ಟುವ ಸೆನ್ಸರಿನಿಂದ ನಡಿಗೆ, ತೋಳಿನ ಚಲನೆ ಎರಡನ್ನೂ ಹಿಡಿಯಬಹುದು. ನಿಮ್ಮ ಸೆನ್ಸರ್ ಒಂದೇ ವ್ಯಕ್ತಿಯನ್ನು ಎರಡು ದಿನ ಅಳೆದರೆ ಎಷ್ಟು ಹತ್ತಿರದ ಅಂಕಿ ಕೊಡುತ್ತದೆ ಅಂತ ಮೊದಲು ನೋಡಿ. ಇಲ್ಲದಿದ್ದರೆ ಯಂತ್ರದ ಏರುಪೇರನ್ನೇ ಮನುಷ್ಯನ ಏರುಪೇರು ಅಂತ ಬರೆದುಬಿಡುತ್ತೀರಿ. ಏರುಪೇರು ಅಳೆಯಲು ಹತ್ತು ಹೆಜ್ಜೆ ಸಾಲದು, ಉದ್ದ ವರಾಂಡಾ ಬೇಕು, ಹೆಜ್ಜೆಗಳು ತುಂಬಾ ಬೇಕು. ತಿರುಗುವ ಜಾಗದ ಹೆಜ್ಜೆಗಳನ್ನು ಬೇರೆ ಇಡಿ. ಸ್ಟ್ಯಾಂಡರ್ಡ್ ಡೀವಿಯೇಷನ್ ಒಂದಕ್ಕೇ ನಿಲ್ಲಬೇಡಿ. ಅದು ಎಷ್ಟು ಬದಲಾಯಿತು ಅಂತ ಮಾತ್ರ ಹೇಳುತ್ತದೆ. ಒಂದು ಹೆಜ್ಜೆಯ ಬದಲಾವಣೆ ಮುಂದಿನ ಹೆಜ್ಜೆಗೆ ಹೇಗೆ ದಾಟಿತು ಅಂತ ತಿಳಿಯಲು ಬೇರೆ ಲೆಕ್ಕಗಳಿವೆ, ಅವಕ್ಕೆ ಸ್ವಲ್ಪ ಪ್ರೋಗ್ರಾಮಿಂಗ್ ಕಲಿಯಬೇಕು. ಕೋರ್ಸ್ ವರ್ಕ್ ಹೊತ್ತಿನಲ್ಲೇ ಪೈಥಾನ್ ಶುರು ಮಾಡಿ. ಮಾರ್ಗದರ್ಶಕರನ್ನು ಆರಿಸುವಾಗ ಅವರ ಹಳೇ ವಿದ್ಯಾರ್ಥಿಗಳ ಜೊತೆ ಒಮ್ಮೆ ಮಾತಾಡಿ. ಪ್ರಸ್ತಾವನೆ ಬರೆದಾದ ಮೇಲೆ ನನಗೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಓದಿ ನನಗೆ ಅನಿಸಿದ್ದನ್ನು ಬರೆದು ಕಳಿಸುತ್ತೇನೆ.